ನಾಲ್ಕನೇ ಮಾತು

ಹೋದ ವಾರ ನಮ್ಮ ಸಭೆಯ ಸೆಕ್ರೆಟರಿ ಫೋನ್ ಮಾಡಿದ್ದರು. "ಮೇಡಂ, ಈ ಸಲ ಶುಭ ಶುಕ್ರವಾರಕ್ಕ ನಾಲ್ಕನೇ ಮಾತು ನಿಮಗ ಹಚ್ಚೇವಿ ನೋಡ್ರಿ. ಹನ್ನೆರಡು ನಿಮಿಷ."

ನನಗ್ಯಾಕೆ ಎಂದು ಕೇಳಿದೆ. ಸ್ವಲ್ಪ ತಡವರಿಸಿ, "ನಿಮಗ ಅನುಭವ ಐತೆಲ್ರಿ" ಅಂದರು.

ಗೊತ್ತಿಲ್ಲದವರಿಗೆ ಹೇಳಬೇಕು. ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ನಮ್ಮ ಚರ್ಚಿನಲ್ಲಿ ದೊಡ್ಡ ಆರಾಧನೆ. ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಏಳು ಜನರಿಗೆ ಹಂಚುತ್ತಾರೆ. ಒಬ್ಬೊಬ್ಬರು ಒಂದೊಂದರ ಮೇಲೆ ಮಾತಾಡಬೇಕು, ನಡುನಡುವೆ ಹಾಡು. ಮೂರನೇದು, "ಅಮ್ಮಾ, ಇಗೋ ನಿನ್ನ ಮಗನು" ಅನ್ನುವುದು, ಯಾವಾಗಲೂ ಹೆಣ್ಣುಮಕ್ಕಳ ಪಾಲು. ನಮ್ಮ ಅವ್ವ ಅದನ್ನೇ ಒಂಬತ್ತು ಸಲ ಹೇಳಿದ್ದಳು. "ಮರಿಯಳ ಬಗ್ಗೆ ನನಗ ಗೊತ್ತಿದ್ದದ್ದೆಲ್ಲಾ ಮುಗದೈತಿ, ಬ್ಯಾರೆ ಕೊಡ್ರಿ" ಎಂದು ಒಮ್ಮೆ ಜಗಳವಾಡಿದ್ದೂ ಉಂಟು. ನಾಲ್ಕನೇದು ಮಾತ್ರ ಪಾಸ್ಟರಿಗೇ ಮೀಸಲು. "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?" ಕಷ್ಟದ ಮಾತು ಅಲ್ವಾ, ಓದಿದವರು ಹೇಳಲಿ ಅಂತ.

ಈಗ ಅದು ನನ್ನ ಪಾಲಿಗೆ ಬಂದಿದೆ. ಅನುಭವ ಇದೆಯಂತೆ.

ಅವ್ವ ಪ್ರೈಮರಿ ಶಾಲೆಯ ಟೀಚರ್ ಆಗಿದ್ದಳು. 31 ವರ್ಷ ಸಂಡೇ ಸ್ಕೂಲ್ ನಡೆಸಿದಳು. ಚರ್ಚಿನ ಕಾಯರ್‌ನಲ್ಲಿ ಆಲ್ಟೋ, ಅಂದರೆ ಹೆಣ್ಣುಮಕ್ಕಳ ಕೆಳಗಿನ ದನಿ. 2021ರ ಕ್ರಿಸ್‌ಮಸ್ ಹಾಡುಗಳ ಪ್ರಾಕ್ಟೀಸಿನಲ್ಲಿ ಅವಳ ನಾಲಿಗೆ ಮೊದಲ ಸಲ ತೊಡರಿತು. 'ರ' ಸರಿಯಾಗಿ ಬರುತ್ತಿರಲಿಲ್ಲ, ಆಮೇಲೆ 'ಳ'. ಹಲ್ಲಿನ ಸೆಟ್ ಸಡಿಲ ಆಗಿರಬೇಕು ಎಂದು ನಕ್ಕೆವು. ಹಲ್ಲಿನ ಡಾಕ್ಟರು, ಕಿವಿ ಮೂಗು ಗಂಟಲಿನ ಡಾಕ್ಟರು, ಲಕ್ವ ಇರಬಹುದೇನೋ ಅಂತ ಒಂದು ಸ್ಕ್ಯಾನು. ಎಂಟು ತಿಂಗಳು ಹೀಗೇ ಅಲೆದ ಮೇಲೆ ಒಬ್ಬ ನರರೋಗದ ಡಾಕ್ಟರು ಕೈಕಾಲಿಗೆ, ನಾಲಿಗೆಗೆ ಸೂಜಿ ಚುಚ್ಚಿ ಪರೀಕ್ಷೆ ಮಾಡಿ ಹೆಸರು ಹೇಳಿದರು: ಎ.ಎಲ್.ಎಸ್.

ಸ್ನಾಯುಗಳಿಗೆ ಅಪ್ಪಣೆ ಕೊಡುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಕೆಲವರಿಗೆ ಕೈಯಿಂದ ಶುರು, ಕೆಲವರಿಗೆ ಕಾಲಿನಿಂದ. ಅವ್ವನಿಗೆ ನಾಲಿಗೆ, ಗಂಟಲಿನಿಂದ. ಹತ್ತರಲ್ಲಿ ಒಬ್ಬರಿಗೆ ಮನೆತನದಿಂದ ಬರುತ್ತದಂತೆ. ಉಳಿದ ಒಂಬತ್ತು ಜನರಿಗೆ ಯಾಕೆ ಬಂತು ಅಂದರೆ ಉತ್ತರ ಇಲ್ಲ. ಫ್ರಾನ್ಸಿನ ಶಾರ್ಕೋ ಎಂಬ ವೈದ್ಯ ಈ ರೋಗವನ್ನು ವಿವರಿಸಿದ್ದು 1869ರಲ್ಲಿ. ಒಂದೂವರೆ ನೂರು ವರ್ಷದ ಮೇಲೆ ನಮ್ಮ ಡಾಕ್ಟರು ಬರೆದುಕೊಟ್ಟದ್ದು ರಿಲುಜೋಲ್ ಮಾತ್ರೆ. "ವಾಸಿ ಮಾಡಲ್ಲ, ಕೆಲವು ತಿಂಗಳು ಮುಂದಕ್ಕೆ ಹಾಕಬಹುದು" ಅಂದರು. ಒಳ್ಳೆ ಮನುಷ್ಯ. ಸುಳ್ಳು ಹೇಳಲಿಲ್ಲ.

ಡಾಕ್ಟರಿಗೆ ಗೊತ್ತಿಲ್ಲದ ಕಾರಣ ಊರಿಗೆಲ್ಲ ಗೊತ್ತಿತ್ತು. ಪ್ರಾರ್ಥನಾ ಕೂಟದ ಒಬ್ಬರು ಬಂದು, ಮುಚ್ಚಿಟ್ಟ ಪಾಪ ಏನಾದರೂ ಇದ್ದರೆ ಈಗಲೇ ಅರಿಕೆ ಮಾಡಿಕೊಳ್ಳಿ ಅಂದರು. ಅವ್ವ ಆಗ ಮಕ್ಕಳ ಪಾಟಿಯ ಮೇಲೆ ಬರೆದು ಮಾತಾಡುತ್ತಿದ್ದಳು. ದುಂಡಗೆ, ಟೀಚರ್ ಅಕ್ಷರದಲ್ಲಿ ಬರೆದಳು: "ಭಾಳ ಅದಾವ. ನಿಮಗ ಟೈಮ್ ಐತೇನು?" ಅವರು ಚಹಾ ಕೂಡ ಕುಡಿಯದೆ ಎದ್ದರು.

ಬಾಜೂ ಮನೆಯ ಕಾಕು ಲಿಂಗಾಯತರು. ಅವರ ಮಾತು ಬೇರೆ: "ಅಕ್ಕೋರು ಒಂದ್ ಇರುವಿ ಹೊಸಕಿದವರಲ್ಲ. ಹಿಂದಿನ ಜನ್ಮದ್ದ ಏನರ ಇರಬೇಕು, ಪಾಪ." ನನಗೆ ಒಳಗೇ ನಗು ಬಂತು. ಇಬ್ಬರ ಖಾತೆ ಪುಸ್ತಕ ಬೇರೆ ಬೇರೆ, ಕೂಡಿಸಿ ಕಳೆಯುವ ಲೆಕ್ಕ ಮಾತ್ರ ಒಂದೇ. ಹುಟ್ಟುಕುರುಡನನ್ನು ಕಂಡಾಗ ಶಿಷ್ಯರು ಯೇಸುವನ್ನು ಕೇಳಿದ್ದೂ ಇದನ್ನೇ ಅಲ್ವಾ? ಪಾಪ ಮಾಡಿದವರು ಯಾರು, ಇವನೋ, ಇವನ ತಂದೆತಾಯಿಗಳೋ? ಇವನೂ ಅಲ್ಲ, ಅವರೂ ಅಲ್ಲ ಎಂದು ಯೇಸು ಹೇಳಿ ಎರಡು ಸಾವಿರ ವರ್ಷ ಆಯಿತು. ನಮ್ಮ ಪ್ರಾರ್ಥನಾ ಕೂಟಕ್ಕೆ ಇನ್ನೂ ಮುಟ್ಟಿಲ್ಲ.

ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ತಪ್ಪಿಲ್ಲದೆಯೂ ಎಲ್ಲ ಕಳೆದುಕೊಂಡ ಯೋಬನ ಪುಸ್ತಕ ಇದೆ. ಅದನ್ನು ಆ ದಿನಗಳಲ್ಲಿ ಮೂರು ಸಲ ಓದಿದೆ. ಸಮಾಧಾನ ಸಿಗಲಿಲ್ಲ, ಒಂದು ವಿಷಯ ಮಾತ್ರ ಕಣ್ಣಿಗೆ ಬಿತ್ತು. ಮೊದಲ ಅಧ್ಯಾಯದಲ್ಲಿ ಯೋಬನನ್ನು ಪರೀಕ್ಷಿಸುವ ಬಗ್ಗೆ ದೇವರಿಗೂ ಸೈತಾನನಿಗೂ ನಡೆದ ಮಾತು ಓದುವ ನಮಗೆ ಗೊತ್ತು. ಯೋಬನಿಗೆ ಅದನ್ನು ಯಾರೂ ಹೇಳುವುದೇ ಇಲ್ಲ. 42 ಅಧ್ಯಾಯ ಮುಗಿದರೂ ಹೇಳುವುದಿಲ್ಲ. ದೇವರು ಬಿರುಗಾಳಿಯಲ್ಲಿ ಬಂದು ಕಾಡುಕತ್ತೆ, ಉಷ್ಟ್ರಪಕ್ಷಿ, ಹಿಮದ ಉಗ್ರಾಣ ಎಲ್ಲದರ ಬಗ್ಗೆ ಮಾತಾಡುತ್ತಾನೆ. ಅದೊಂದನ್ನು ಬಿಟ್ಟು. ನನಗೆ ಸಿಟ್ಟು ಬಂತು. ಈಗಲೂ ಇದೆ.

ನಮ್ಮದು ಹಳೇ ಬಾಸೆಲ್ ಮಿಶನ್ ಮನೆತನ. ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದಾಗ ಜರ್ಮನ್ ಶಿಸ್ತನ್ನೂ ಜೊತೆಗೆ ತಂದಿರಬೇಕು. ನಮ್ಮ ಮನೆಯಲ್ಲಿ ದೇವರ ಎದುರು ದನಿ ಎತ್ತುವ ರೂಢಿ ಇಲ್ಲ. ಅಪ್ಪ ತೀರಿಕೊಂಡಾಗಲೂ "ಯೆಹೋವನೇ ಕೊಟ್ಟನು, ಯೆಹೋವನೇ ತೆಗೆದುಕೊಂಡನು" ಅಂದು ಸುಮ್ಮನಾದೆವು. ಅವ್ವ ಮಾತ್ರ ಒಂದು ದಿನ ಸತ್ಯವೇದ ತರಿಸಿಕೊಂಡು 22ನೇ ಕೀರ್ತನೆಯ ಒಂದು ಸಾಲಿಗೆ ಬೆರಳಿಟ್ಟಳು. ನಾಲಿಗೆ ಬಾಯಿಯ ಅಂಗಳಕ್ಕೆ ಅಂಟಿಕೊಂಡಿತು ಅನ್ನುವ ಸಾಲು. ಆಮೇಲೆ ತನ್ನ ಬಾಯಿ ತೋರಿಸಿದಳು. ಆಮೇಲೆ ಮೇಲೆ ನೋಡಿದಳು. ಆ ನೋಟವನ್ನು ಭಕ್ತಿ ಅಂತ ನಾನು ಕರೆಯಲಾರೆ.

ಈ ರೋಗ ಗಂಟಲಿಗೆ ಬಂದರೆ ಮೊದಲು ಕೈಕೊಡುವುದು ನೀರು. ಅನ್ನ ಹೇಗೋ ಇಳಿಯುತ್ತದೆ. ತೆಳ್ಳಗಿನ ನೀರು ಗಂಟಲಲ್ಲಿ ದಾರಿ ತಪ್ಪಿ ಶ್ವಾಸಕೋಶಕ್ಕೆ ನುಗ್ಗುತ್ತದೆ. ಒಂದು ಗುಟುಕು ಕುಡಿದರೆ ಹತ್ತು ನಿಮಿಷ ಕೆಮ್ಮು, ಮುಖ ನೀಲಿ. ನೀರಿಗೆ ಬೆರೆಸಿ ಗಟ್ಟಿ ಮಾಡುವ ಪುಡಿ ಸಿಗುತ್ತದೆ, ಅವ್ವನಿಗೆ ಅದರ ಲೋಳೆ ಸೇರಲಿಲ್ಲ. ಆಗ ಹಿಂದಿನ ಜನ್ಮದ ಕಾಕು ಜೋಳದ ಅಂಬಲಿ ಮಾಡಿ ತಂದರು. ಮಜ್ಜಿಗೆ, ಜೀರಿಗೆ, ಒಂದು ಎಸಳು ಬಳ್ಳೊಳ್ಳಿ ಜಜ್ಜಿ ಹಾಕಿ, ಬಟ್ಟೆಯಲ್ಲಿ ಸೋಸಿದ್ದು. ಗಟ್ಟಿಯಾಗಿತ್ತು, ನಿಧಾನಕ್ಕೆ ಇಳಿಯಿತು. ಅವ್ವ ಕೆಮ್ಮಲಿಲ್ಲ. ಮಾರನೇ ದಿನದಿಂದ ಬೆಳಿಗ್ಗೆ ಏಳೂವರೆಗೆ ಸ್ಟೀಲ್ ತಂಬಿಗೆಯಲ್ಲಿ ಅಂಬಲಿ ಬಂತು. ಐದು ತಿಂಗಳು. ಅವರ ಮೊಮ್ಮಗನ ಜವಳದ ದಿನವೂ ಬಂತು.

ಕೈ ಹೋದ ಮೇಲೆ ಪಾಟಿಯೂ ಹೋಯಿತು. ಕಣ್ಣು ಮಾತ್ರ ಉಳಿದಿತ್ತು. ರಟ್ಟಿನ ಮೇಲೆ ಅಕ್ಷರಮಾಲೆ ಬರೆದುಕೊಂಡೆ. ಸ್ವರದ ಸಾಲು, ಕ ಸಾಲು, ಚ ಸಾಲು ಎಂದು ನಾನು ಹೇಳುತ್ತಾ ಹೋಗಬೇಕು, ಅವಳು ರೆಪ್ಪೆ ಬಡಿದಾಗ ನಿಲ್ಲಬೇಕು. ಆಮೇಲೆ ಅಕ್ಷರ, ಅದಕ್ಕೆ ಕಾಗುಣಿತ, ಒತ್ತಕ್ಷರ ಇದ್ದರೆ ಅದು ಬೇರೆ. ಕನ್ನಡ ಇಷ್ಟು ಉದ್ದದ ಭಾಷೆ ಅಂತ ಆವರೆಗೆ ಗೊತ್ತಿರಲಿಲ್ಲ. ದಿಂಬು ಸರಿಸು ಅನ್ನುವುದಕ್ಕೆ ಹತ್ತು ನಿಮಿಷ.

ಜನವರಿಯ ಒಂದು ರಾತ್ರಿ, ಹೊಟ್ಟೆಗೆ ಆಹಾರ ಇಳಿಸುವ ರೈಲ್ಸ್ ಟ್ಯೂಬನ್ನು ಮೂಗಿಗೆ ಹಾಕಿಸಿಕೊಂಡು ಬಂದ ದಿನ, ಅವಳು ರಟ್ಟಿನ ಕಡೆ ನೋಡಿದಳು. ಯ ಸಾಲಿಗೆ ರೆಪ್ಪೆ ಬಡಿದಳು. ಯ. ಅದಕ್ಕೆ ಆಕಾರ. ಆಮೇಲೆ ಕ ಸಾಲು. ಕ.

ಯಾಕ.

ನನ್ನ ಕೈಯಿಂದ ರಟ್ಟು ಜಾರಿತು. ಕೊನೆಗೂ ಕೇಳಿದಳು ಅಂದುಕೊಂಡೆ. ಎರಡು ವರ್ಷ ನಾವೆಲ್ಲ ನುಂಗಿಕೊಂಡಿದ್ದ ಮಾತು. ಅವಳ ಕೈ ಹಿಡಿದು ಅತ್ತೆ. "ನನಗೂ ಗೊತ್ತಿಲ್ಲವ್ವ, ದೇವರು ಯಾಕ ಹಿಂಗ ಮಾಡಿದ ನನಗೂ ಗೊತ್ತಿಲ್ಲ" ಅಂದೆ. ಅವಳು ಪಟಪಟ ಎರಡು ಸಲ ರೆಪ್ಪೆ ಬಡಿದಳು. ಎರಡು ಸಲ ಅಂದರೆ 'ಅಲ್ಲ'. ಮತ್ತೆ ಅಕ್ಷರ ಹೇಳು ಅಂತ. ಹೇಳಿದೆ. ಸ್ವರದ ಸಾಲು, ಉ. ಸೊನ್ನೆ. ಟ ಸಾಲು, ಡ, ಗುಡಿಸು. ಪೂರ್ತಿಯಾಗುವ ಹೊತ್ತಿಗೆ ಹನ್ನೊಂದೂವರೆ.

ಯಾಕ ಉಂಡಿಲ್ಲ.

ಬೆಳಿಗ್ಗೆಯಿಂದ ಆಸ್ಪತ್ರೆಯಲ್ಲಿದ್ದೆ. ಟೇಬಲ್ ಮೇಲೆ ನನ್ನ ತಟ್ಟೆ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು. ಮಲಗಿದಲ್ಲಿಂದ ಅವಳಿಗೆ ಅದು ಕಾಣುತ್ತಿತ್ತು.

ಫೆಬ್ರವರಿಯಲ್ಲಿ ಹೋದಳು. ಕೊನೆಯ ಮೂರು ದಿನ ಹತ್ತಿಯನ್ನು ನೀರಿನಲ್ಲಿ ಅದ್ದಿ ತುಟಿಗೆ ಒತ್ತುವುದಷ್ಟೇ ನನ್ನ ಕೆಲಸವಾಗಿತ್ತು. 2024ರ ಶುಭ ಶುಕ್ರವಾರ ನಾನು ಚರ್ಚಿಗೆ ಹೋಗಲಿಲ್ಲ. ಈಸ್ಟರಿಗೂ ಹೋಗಲಿಲ್ಲ. ಮಳೆಗಾಲದಲ್ಲಿ ಯಾವಾಗಲೋ ಮತ್ತೆ ಹೋಗತೊಡಗಿದೆ. ಯಾರೂ ಕರೆದಿರಲಿಲ್ಲ. ಆಲ್ಟೋ ಸಾಲಿನಲ್ಲಿ ಅವಳ ಜಾಗ ಖಾಲಿ ಇತ್ತು, ಅಲ್ಲಿ ಕೂತೆ. ನನಗೆ ಆಲ್ಟೋ ಬರುವುದಿಲ್ಲ.

ಈಗ ಈ ಹನ್ನೆರಡು ನಿಮಿಷ. ಮತ್ತಾಯನ ಸುವಾರ್ತೆಯ 27ನೇ ಅಧ್ಯಾಯ ತೆಗೆದು ಕೂತೆ. 46ನೇ ವಚನದಲ್ಲಿ "ಏಲೀ ಏಲೀ", ಅಂದರೆ ನನ್ನ ದೇವರೇ, ನನ್ನ ದೇವರೇ ಎಂದು ಕೂಗು. 47ರಲ್ಲಿ ಮೇಲಿನಿಂದ ಉತ್ತರ ಬರುವುದಿಲ್ಲ. ಅಲ್ಲಿ ನಿಂತವರು ತಪ್ಪು ಕೇಳಿಸಿಕೊಳ್ಳುತ್ತಾರೆ. ಏಲೀ ಅಂದದ್ದು ಅವರ ಕಿವಿಗೆ ಎಲೀಯ ಅಂತ ಬೀಳುತ್ತದೆ. ಪ್ರವಾದಿಯನ್ನು ಕರೆಯುತ್ತಿದ್ದಾನೆ ಅಂದುಕೊಳ್ಳುತ್ತಾರೆ. 48ರಲ್ಲಿ, ಹಾಗೆ ತಪ್ಪು ತಿಳಿದವರಲ್ಲೇ ಒಬ್ಬ ಓಡಿಹೋಗಿ, ಸ್ಪಂಜನ್ನು ಹುಳಿ ದ್ರಾಕ್ಷಾರಸದಲ್ಲಿ ಅದ್ದಿ, ಕೋಲಿಗೆ ಸಿಕ್ಕಿಸಿ ಬಾಯಿಗೆ ಹಿಡಿಯುತ್ತಾನೆ. ನಲವತ್ತು ವರ್ಷದಿಂದ ಈ ಮೂರು ವಚನ ಕೇಳಿದ್ದೇನೆ. ಓಡಿದವನು ಕಣ್ಣಿಗೆ ಬಿದ್ದಿರಲಿಲ್ಲ.

ಇಷ್ಟನ್ನೇ ಬರೆದಿಟ್ಟುಕೊಂಡಿದ್ದೇನೆ. ಓದಿ ನೋಡಿದರೆ ನಾಲ್ಕು ನಿಮಿಷಕ್ಕೆ ಮುಗಿಯುತ್ತದೆ. ಸೆಕ್ರೆಟರಿಗೆ ಹೇಳಿದರೆ "ಇನ್ನಾ ಸ್ವಲ್ಪ ಎಳೀರಿ ಮೇಡಂ, ಮೂರು ತಾಸು ತುಂಬಬೇಕಲ್ರಿ" ಅಂದರು. ಯಾಕೆ ಅನ್ನುವುದಕ್ಕೆ ಉತ್ತರ ನನ್ನ ಹತ್ತಿರ ಇಲ್ಲ. ಇಲ್ಲದ್ದನ್ನು ಎಂಟು ನಿಮಿಷ ಎಳೆಯುವುದು ನನ್ನಿಂದ ಆಗದು.

ನಿನ್ನೆ ಕಾಕುಗೆ ಹೇಳಿದೆ, ಚರ್ಚಿನಲ್ಲಿ ಮಾತಾಡ್ತೀನಿ, ಅವ್ವನ ವಿಷಯ ಬರುತ್ತೆ, ನಿಮ್ಮದೂ ಬರುತ್ತೆ ಅಂತ. ಅವರಿಗೆ ನಾಚಿಕೆ. ಬರ್ತೀನಿ ಅಂದರು. ಎಷ್ಟು ಹೊತ್ತಿಗೆ ಎಂದು ಕೇಳಿದರು.

"ಏಪ್ರಿಲ್ 18ಕ್ಕ, ಮಧ್ಯಾಹ್ನ ಹನ್ನೆರಡರಿಂದ ಮೂರು, ಕಾಕು."

"ಅಯ್ಯ, ಈ ಬಿಸಲಾಗ ಮೂರ್ ತಾಸು? ನಡುವ ನೀರರ ಕೊಡ್ತಾರಿಲ್ಲವಾ ನಿಮಗ?"