ಹಿಮ್ಮಡಿ ನೋವಿಟ್ಕೊಂಡು ವರ್ಚುವಲ್ ಹಾಫ್ ಮ್ಯಾರಥಾನ್

ಅಕಿಲೀಸ್ ಟೆಂಡನ್ ಕೈಕೊಟ್ಟೋರಿಗೆಲ್ಲ ಗೊತ್ತಿರೋ ವಿಷ್ಯ, ಅದು ಓಡೋವಾಗ ಅಷ್ಟಾಗಿ ಕಾಡಲ್ಲ, ಮಾರನೇ ದಿನ ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಟ್ಟಾಗ ಬಡ್ಡಿ ಸಮೇತ ವಸೂಲಿ ಮಾಡುತ್ತೆ. ಮೀನಖಂಡನ ಹಿಮ್ಮಡಿಗೆ ಸೇರಿಸೋ ಆ ದಪ್ಪ ನರದಂಥದ್ದು (ನರ ಅಲ್ಲ, ಆದ್ರೂ ಎಲ್ರೂ ಹಂಗೇ ಅನ್ನೋದು) ಅದಕ್ಕೆ ರಕ್ತ ಹರಿಯೋದೇ ಕಮ್ಮಿ, ಹಾಗಾಗಿ ವಾಸಿ ಆಗೋಕೆ ತಿಂಗಳುಗಟ್ಲೆ ಹಿಡಿಯುತ್ತೆ. ಪೂರ್ತಿ ರೆಸ್ಟ್ ಕೊಟ್ರೆ ನೋವೇನೋ ಇಳಿಯುತ್ತೆ, ಆದ್ರೆ ಟೆಂಡನ್ನಿನ ಕಸುವೂ ಇಳಿಯುತ್ತೆ, ಮತ್ತೆ ಓಡೋಕೆ ಹೊರಟ್ರೆ ಮತ್ತದೇ ರಾಗ.

ವರ್ಚುವಲ್ ಹಾಫ್‌ಗೆ (ಅಂದ್ರೆ ಒಬ್ರೇ ನಮ್ಗಿಷ್ಟದ ದಾರೀಲಿ ಓಡಿ, ಜಿಪಿಎಸ್ ಲೆಕ್ಕ ಕಳಿಸೋದು) ಹೆಸರು ಕೊಟ್ಟಿದೀನಿ ಅಂದಾಗ ಮನೇಲಿ ಎಲ್ರೂ ಬೈದ್ರು, ಫಿಸಿಯೋ ಮೇಡಂ ಮಾತ್ರ ಬೈಲಿಲ್ಲ. "ಓಡಿ, ಆದ್ರೆ ರೇಸ್ ಮಾಡ್ಬೇಡಿ" ಅಂದ್ರು ಅಷ್ಟೇ. ಅವ್ರು ಕೊಟ್ಟ ರೂಲು ಸಿಂಪಲ್ಲು: ನೋವಿಗೆ 0ಯಿಂದ 10ರವರೆಗೆ ಮಾರ್ಕ್ಸ್ ಕೊಡಿ, ಓಡೋವಾಗ 5 ದಾಟಬಾರ್ದು, ಮಾರನೇ ಬೆಳಿಗ್ಗೆ ಹೊತ್ತಿಗೆ ಅದು ಇಳಿದಿರ್ಬೇಕು, ವಾರದಿಂದ ವಾರಕ್ಕೆ ಏರ್ತಾ ಹೋಗಬಾರ್ದು. ಜೊತೆಗೆ ದಿನಾ ಮೆಟ್ಟಿಲ ಅಂಚಲ್ಲಿ ನಿಂತು ಹಿಮ್ಮಡಿ ನಿಧಾನಕ್ಕೆ ಇಳಿಸೋ ವ್ಯಾಯಾಮ, ಮೇಲೆ ಹೋಗೋದು ಒಳ್ಳೇ ಕಾಲಲ್ಲಿ, ಇಳಿಯೋದು ನೋವಿರೋ ಕಾಲಲ್ಲಿ. ಇದನ್ನ ಫೇಮಸ್ ಮಾಡಿದ್ದು ಸ್ವೀಡನ್ನಿನ ಹಾಕನ್ ಆಲ್ಫ್ರೆಡ್ಸನ್ ಅನ್ನೋ ಸರ್ಜನ್. ಅವರಿಗೇ ಅಕಿಲೀಸ್ ನೋವಂತೆ, ಆಪರೇಷನ್ ಮಾಡಿ ಅಂದ್ರೆ ಬಾಸ್ ಒಪ್ಪಲಿಲ್ವಂತೆ, ಹಂಗಾದ್ರೆ ಹರಿದೇ ಹೋಗ್ಲಿ ಅಂತ ಹಠಕ್ಕೆ ಬಿದ್ದು ನೋಯೋ ಕಾಲಿಗೇ ಭಾರ ಹಾಕ್ತಾ ಹೋದ್ರೆ ಹರಿಯೋ ಬದ್ಲು ವಾಸಿ ಆಯ್ತಂತೆ! 1998ರಲ್ಲಿ ಅವರ ತಂಡ ಪ್ರಕಟಿಸಿದ ಲೆಕ್ಕ ದಿನಕ್ಕೆ 180 ಸಲ, 12 ವಾರ. ಕೇಳೋಕೆ ಚಂದ, ಮಾಡೋಕೆ ಮಹಾ ಬೋರು.

ನನ್ನ ಪ್ರಕಾರ ಇಂಥ ಕಾಲಿಗೆ ವರ್ಚುವಲ್ ಓಟನೇ ಸರಿ. ಜನ ಸೇರಿರೋ ರೇಸಲ್ಲಿ ಪಕ್ಕದೋರು ಹಿಂದೆ ಹಾಕಿದ ತಕ್ಷಣ ಫಿಸಿಯೋ ಹೇಳಿದ್ದೆಲ್ಲ ಮರ್ತೋಗುತ್ತೆ. ಇಲ್ಲಿ ಹಿಂದೆ ಹಾಕೋರೇ ಇಲ್ಲ. 2020ರಲ್ಲಿ ಕೊರೊನಾದಿಂದ ದೊಡ್ಡ ದೊಡ್ಡ ರೇಸುಗಳೆಲ್ಲ ವರ್ಚುವಲ್ ಆದಾಗ ಬೋಸ್ಟನ್ ಮ್ಯಾರಥಾನ್ನವ್ರು ಸೆಪ್ಟೆಂಬರ್ 7ರಿಂದ 14ರೊಳಗೆ ಯಾವತ್ತಾದ್ರೂ ಓಡಿ, ಆದ್ರೆ ಆರು ಗಂಟೆಯೊಳಗೆ ಮುಗಿಸಿ ಅಂದ್ರು, ಲಂಡನ್ನವ್ರು ಅಕ್ಟೋಬರ್ 4 ಒಂದೇ ದಿನ ಇಟ್ಟು ಹೆಚ್ಚುಕಮ್ಮಿ 24 ಗಂಟೆ ಟೈಮ್ ಕೊಟ್ರು, ನಡ್ಕೊಂಡಾದ್ರೂ ಬನ್ನಿ ಅಂತ. ಹಂಗಾಗಿ ಹೆಸರು ಕೊಡೋ ಮುಂಚೆ ಎರಡು ನೋಡ್ಕೋಬೇಕು, ಎಷ್ಟು ದಿನದ ಅವಕಾಶ ಇದೆ, ಮತ್ತೆ ನಿಂತ ಟೈಮನ್ನೂ ಎಣಿಸ್ತಾರಾ ಇಲ್ವಾ. ನನ್ನದ್ರಲ್ಲಿ ಒಂದು ವಾರ ಇತ್ತು, ಅಂದ್ರೆ ಯಾವ ಬೆಳಿಗ್ಗೆ ಓಡ್ಬೇಕು ಅನ್ನೋದನ್ನ ಕ್ಯಾಲೆಂಡರ್ ಅಲ್ಲ, ಹಿಮ್ಮಡಿ ನಿರ್ಧಾರ ಮಾಡ್ತು. ಮೊದಲ ಎರಡು ದಿನ ಬಿಗಿ ಇತ್ತು, ಬಿಟ್ಟೆ.

ದಾರಿ ಆರಿಸಿದ್ದು ಸಪಾಟಾಗಿರೋ ಚಿಕ್ಕ ಲೂಪು. ಏರು ಬಂದ್ರೆ ಹಿಮ್ಮಡಿ ಕೆಳಗಿಳಿದು ಟೆಂಡನ್ ಜಾಸ್ತಿ ಎಳೆಯುತ್ತೆ, ಅದು ಬೇಡ. ಲೂಪ್ ಆದ್ರೆ ಎಲ್ಲಿ ಬಿಟ್ರೂ ಮನೆ ಹತ್ರಾನೇ. ಮೊದಲ ಕಿಲೋಮೀಟರಿಂದಾನೇ ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ. ಇದು 1972ರ ಒಲಿಂಪಿಕ್ಸಲ್ಲಿ 10,000 ಮೀಟರ್ ಓಡಿದ ಜೆಫ್ ಗ್ಯಾಲೋವೇ ಹೇಳಿಕೊಟ್ಟ ವಿಧಾನ, ಸುಸ್ತಾದ್ಮೇಲೆ ನಡೆಯೋದಲ್ಲ, ಸುಸ್ತಾಗೋ ಮುಂಚೆನೇ ನಡೆಯೋದು. ಮೊದಲರ್ಧ ಗಂಟೆ ಇದು ಅವಮಾನ ಅನ್ಸುತ್ತೆ, ಚೆನ್ನಾಗಿ ಓಡ್ತಿರೋವಾಗ ವಾಚ್ ಕುಯ್ ಅಂದ ಕೂಡ್ಲೇ ನಿಂತು ನಡೀಬೇಕು, ವಾಕಿಂಗ್ ಬಂದಿರೋ ಅಂಕಲ್‌ಗಳು ಮುಂದೆ ಹೋಗ್ತಾರೆ.

9ನೇ ಕಿಲೋಮೀಟರ್ ತನಕ ನೋವು 2. 14 ಆದ್ಮೇಲೆ 4ಕ್ಕೆ ಬಂತು. ಅಲ್ಲಿಂದ ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ ಮಾಡ್ಕೊಂಡೆ, ಹೆಜ್ಜೆ ಚಿಕ್ಕದು ಮಾಡ್ದೆ, 4ರಲ್ಲೇ ನಿಲ್ತು. ಚಪ್ಪಾಳೆ ಇಲ್ಲ, ನೀರು ಕೊಡೋರಿಲ್ಲ, 17ರಿಂದ 20ರವರೆಗೆ ಭಯಂಕರ ಬೇಜಾರು, ಅದೊಂದನ್ನ ಯಾವ ಆ್ಯಪೂ ಸರಿ ಮಾಡಲ್ಲ. ಇನ್ನೊಂದು, ಹಾಫ್ ಅಂದ್ರೆ 21.0975 ಕಿಲೋಮೀಟರು, ಮರಗಳ ಕೆಳಗೆ ಜಿಪಿಎಸ್ ಅಲ್ಲಿ ಇಲ್ಲಿ ಹಾರುತ್ತೆ, ಅದಕ್ಕೇ 21.3 ತೋರಿಸೋವರ್ಗೂ ಹೋಗಿ ನಿಲ್ಲಿಸ್ದೆ. ನಿಂತ ಕೂಡ್ಲೇ ವಾಚ್ ತಾನಾಗೇ ಟೈಮ್ ನಿಲ್ಲಿಸೋ ಆಟೋ ಪಾಸ್ (auto-pause) ಮೊದಲೇ ಆಫ್ ಮಾಡಿದ್ದೆ. ಟೈಮು ನನ್ನ ಹಳೇದಕ್ಕಿಂತ ಎಷ್ಟೋ ಜಾಸ್ತಿ, ಇಲ್ಲಿ ಬರೆಯಲ್ಲ, ಕೇಳ್ಬೇಡಿ.

ಮಾರನೇ ಬೆಳಿಗ್ಗೆ ನೋವು 3, ಹಲ್ಲುಜ್ಜಿ ಬರೋಷ್ಟರಲ್ಲಿ 1. ಮೆಡಲ್ ಪೋಸ್ಟಲ್ಲಿ ಬರುತ್ತಂತೆ. ಈಗ ಜನ ಸೇರೋ ರೇಸ್ ಯಾವಾಗ ಅಂತ ಫ್ರೆಂಡ್ಸ್ ಕೇಳ್ತಿದಾರೆ, ಒಂಟಿ ಕಾಲಲ್ಲಿ ನಿಂತು 25 ಸಲ ಹಿಮ್ಮಡಿ ಎತ್ತೋದು ಎರಡೂ ಕಾಲಲ್ಲಿ ಸಮ ಬರೋವರ್ಗೂ ಇಲ್ಲ ಅಂದಿದೀನಿ. ಎಡಗಾಲಲ್ಲಿ ಸದ್ಯಕ್ಕೆ 16ಕ್ಕೇ ನಡುಗುತ್ತೆ.