ಎರಡು ಗೆರೆಯ ನೋಟ್‌ಬುಕ್: ಇಲ್ಲಿವರೆಗಿನ ಲೆಕ್ಕ

ದಿನ 1
ದಿನಕ್ಕೆ ಎರಡು ಗೆರೆ ಎಳೆದುಕೊಂಡಿದ್ದೇನೆ. ದೇವರು ಇಲ್ಲೇ ಇದ್ದಾನೆ ಅನಿಸಿದಾಗೆಲ್ಲ ಮೇಲಿನ ಗೆರೆಗೆ ಒಂದು ಚುಕ್ಕೆ. ಅದಕ್ಕೆ ಉತ್ತರವಾಗಿ ನಾನೂ ಏನಾದರೂ ಮಾಡಿದ್ದರೆ ಕೆಳಗಿನ ಗೆರೆಗೊಂದು. ಉಪಾಯ ನನ್ನದಲ್ಲ. 16ನೇ ಶತಮಾನದಲ್ಲಿ ಕ್ರೈಸ್ತ ಸಂತ ಇಗ್ನೇಷಿಯಸ್ ಲೊಯೊಲಾ ಹೇಳಿಕೊಟ್ಟದ್ದು. ಅವರಲ್ಲಿ ಚುಕ್ಕೆ ಅಂದರೆ ತಪ್ಪು. ಬಿಡಬೇಕು ಅಂದುಕೊಂಡ ಚಟಕ್ಕೆ ಮತ್ತೆ ಬಿದ್ದಾಗೆಲ್ಲ ಒಂದು. ಮಧ್ಯಾಹ್ನದವರೆಗಿನದ್ದು ಮೊದಲ ಗೆರೆಗೆ, ರಾತ್ರಿವರೆಗಿನದ್ದು ಎರಡನೆಯದಕ್ಕೆ. ನಾನು ಅದನ್ನು ತಿರುಗಿಸಿಕೊಂಡೆ. ತಪ್ಪು ಎಣಿಸುವುದರಲ್ಲಿ ನನಗೆ ಆಗಲೇ ಬೇಕಾದಷ್ಟು ಅಭ್ಯಾಸ ಇದೆ.

ದಿನ 4
ನಾಲ್ಕು ದಿನಕ್ಕೆ ಒಂದೇ ಚುಕ್ಕೆ. ಅದೂ ಸಂಜೆಯ ಆಕಾಶ ನೋಡಿ. ಚಂದ ಕಂಡದ್ದನ್ನೆಲ್ಲ ದೇವರ ಲೆಕ್ಕಕ್ಕೆ ಹಾಕಿಬಿಡುವುದು ಸುಲಭ, ಅಲ್ವಾ?

ದಿನ 11
ಗಂಟೆಗೊಮ್ಮೆ ಮೊಬೈಲ್‌ನಲ್ಲಿ ಅಲಾರಂ ಇಟ್ಟೆ. ಹೊಡೆದ ತಕ್ಷಣ "ಹಾಂ, ದೇವರು" ಅಂದುಕೊಂಡು ಆಫ್ ಮಾಡುತ್ತೇನೆ. ದಿನಕ್ಕೆ ಒಂಬತ್ತು ಚುಕ್ಕೆ, ಎಲ್ಲ ಸುಳ್ಳು. ನಿಮಿಷ ನಿಮಿಷಕ್ಕೂ ದೇವರನ್ನು ನೆನೆಯಲು ಹೊರಟವರಿದ್ದಾರೆ. 1930ರಲ್ಲಿ ಫಿಲಿಪ್ಪೀನ್ಸ್‌ನಲ್ಲಿದ್ದ ಮಿಷನರಿ ಫ್ರಾಂಕ್ ಲೌಬಾಕ್ ಅಂಥವರು. ನನಗೆ ಒಗ್ಗಲಿಲ್ಲ. ಅಲಾರಂ ತೆಗೆದೆ.

ದಿನ 17
ಇವತ್ತು ದಾರಿ ಸ್ವಲ್ಪ ಸಿಕ್ಕಿತು. 1521ರಲ್ಲಿ ಸ್ಪೇನ್‌ನ ಪಾಂಪ್ಲೋನಾದ ಕದನದಲ್ಲಿ ಫಿರಂಗಿ ಗುಂಡು ತಗುಲಿ ಇಗ್ನೇಷಿಯಸ್ ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆ. ಮಲಗಿದಲ್ಲೇ ಒಮ್ಮೆ ವೀರನಾಗಿ ಮೆರೆಯುವ ಕನಸು, ಒಮ್ಮೆ ಸಂತರ ಹಾಗೆ ಬದುಕುವ ಕನಸು. ಕಾಣುವಾಗ ಎರಡೂ ಹಿತ. ಆಮೇಲೆ ಮಾತ್ರ ಮೊದಲನೆಯದು ಮನಸ್ಸನ್ನು ಒಣಗಿಸಿ ಹೋಗುತ್ತಿತ್ತು, ಎರಡನೆಯದರ ಖುಷಿ ಉಳಿಯುತ್ತಿತ್ತು. ಅಂದರೆ ನೋಡಬೇಕಾದ್ದು ಆ ಕ್ಷಣವನ್ನಲ್ಲ, ಅದು ಬಿಟ್ಟುಹೋದದ್ದನ್ನು.

ಹಾಗಾಗಿ ಈಗ ರಾತ್ರಿ ಹತ್ತು ನಿಮಿಷ, ದಿನವನ್ನು ಬೆಳಿಗ್ಗೆಯಿಂದ ಮತ್ತೊಮ್ಮೆ ನಡೆದು ಬರುತ್ತೇನೆ. ಇವತ್ತಿನ ಚುಕ್ಕೆ ಬಿದ್ದದ್ದು ಎಲ್ಲಿ ಗೊತ್ತಾ? ಸಹೋದ್ಯೋಗಿಯೊಬ್ಬರು ನನ್ನ ದೊಡ್ಡ ತಪ್ಪನ್ನು ಮೀಟಿಂಗಿಗೆ ಮುಂಚೆ ಪಕ್ಕಕ್ಕೆ ಕರೆದು ಹೇಳಿದ್ದರು. ಆಗ ನನಗೆ ಬಂದದ್ದು ಬರೀ ಸಿಟ್ಟು. ಬೈಬಲ್‌ನ ಯಾಕೋಬನೂ ಕಲ್ಲಿಗೆ ತಲೆಯಿಟ್ಟು ನಿದ್ದೆ ಮಾಡಿ, ಎದ್ದ ಮೇಲೇ ಅಲ್ವಾ "ದೇವರು ಇಲ್ಲಿದ್ದಾನೆ, ನನಗೆ ಗೊತ್ತೇ ಇರಲಿಲ್ಲ" ಅಂದದ್ದು!

ದಿನ 26
ಕೂಡಿಸಿದೆ. ಸುಳ್ಳು ಚುಕ್ಕೆ ಬಿಟ್ಟು ಮೇಲೆ 23, ಕೆಳಗೆ 6. ಆ ಆರರಲ್ಲಿ ನಾಲ್ಕು ಸುಮ್ನೆ ಮನಸ್ಸಲ್ಲೇ "ಥ್ಯಾಂಕ್ಸ್ ದೇವರೇ" ಅಂದದ್ದು.

ಬೈಬಲ್‌ನ ವಿಮೋಚನಕಾಂಡದ ಮೂರನೇ ಅಧ್ಯಾಯ ಮತ್ತೆ ಓದಿದೆ. ಉರಿಯುವ ಪೊದೆ ನನಗೆ ನೆನಪಿತ್ತು. ಮರೆತದ್ದು ಅದರ ಮುಂದಿನ ಸಣ್ಣ ಮಾತು. ಕುರಿ ಕಾಯುತ್ತಿದ್ದ ಮೋಶೆ ದಾರಿ ಬಿಟ್ಟು ಆ ಪೊದೆ ನೋಡಲು ಬರುತ್ತಿರುವುದನ್ನು ಕಂಡ ಮೇಲೆಯೇ ದೇವರು ಅವನ ಹೆಸರು ಹಿಡಿದು ಕರೆಯುತ್ತಾನೆ. ನಾನಾಗಿದ್ದರೆ "ಪೊದೆ, ಉರಿ" ಅಂತ ಚುಕ್ಕೆ ಹಾಕಿ ಕುರಿ ಹೊಡೆದುಕೊಂಡು ಮುಂದೆ ಹೋಗುತ್ತಿದ್ದೆ.

ದಿನ 33
ಅಮ್ಮನ ಫೋನ್. ಅದೇ ಹಳೇ ಕಥೆ. ಸಾಮಾನ್ಯವಾಗಿ ಸ್ಪೀಕರ್‌ಗೆ ಹಾಕಿ ನನ್ನ ಕೆಲಸ ನಾನು ಮಾಡುತ್ತಿರುತ್ತೇನೆ. ಇವತ್ತು ಲ್ಯಾಪ್‌ಟಾಪ್ ಮುಚ್ಚಿದೆ. ನಡುವೆ ಒಂದು ಕಡೆ "ಆವತ್ತು ಭಯ ಆಗಿತ್ತಾ ಅಮ್ಮ?" ಅಂತ ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಆ ಕಥೆಯಲ್ಲಿ ಇದುವರೆಗೆ ಇರದಿದ್ದ ಒಂದು ಭಾಗ ಹೊರಗೆ ಬಂತು. ಅದು ಅವರದ್ದು, ಇಲ್ಲಿ ಬರೆಯುವುದಿಲ್ಲ.

ಚುಕ್ಕೆ ಹಾಕಲು ಕೂತರೆ ಗೊಂದಲ. ಈ ಸಲ ಮೊದಲು ತುಂಬಿದ್ದು ಕೆಳಗಿನ ಗೆರೆ. ದೇವರು ಅನಿಸಿದ್ದು ಫೋನ್ ಇಟ್ಟು ತುಂಬಾ ಹೊತ್ತಾದ ಮೇಲೆ.

ದಿನ 38
ಜ್ವರದಿಂದ ಮೂರು ದಿನ ಪುಟ ಖಾಲಿ. ಹಾಗೇ ಬಿಟ್ಟಿದ್ದೇನೆ, ನೆನಪಿನಿಂದ ತುಂಬಿಸಿದರೆ ಮತ್ತೆ ಅಲಾರಂ ದಿನಗಳ ಕಥೆಯೇ.

ಹಳೇ ಪುಟ ತಿರುಗಿಸುವಾಗ 17ನೇ ದಿನ ಕಣ್ಣಿಗೆ ಬಿತ್ತು. ಮೇಲೆ ಚುಕ್ಕೆ ಇದೆ, ಕೆಳಗೆ ಇಲ್ಲ. ಆ ಸಹೋದ್ಯೋಗಿಗೆ ನಾನಿನ್ನೂ ಏನೂ ಹೇಳಿಲ್ಲ, 21 ದಿನ ಆಯಿತು. ನಾಳೆ ಸಿಗುತ್ತಾರೆ.