ಸವಾನಾ ದಂಡೆಯಲ್ಲಿ ಅಪ್ಪನ ಜೊತೆ

ಗದಗಿನ ಹತ್ತಿ ಜಿನ್ನಿನಲ್ಲಿ, ಅಂದರೆ ಹತ್ತಿಯಿಂದ ಬೀಜ ಬಿಡಿಸುವ ಗಿರಣಿಯಲ್ಲಿ, ದುಡಿದು ನಿವೃತ್ತರಾದ ಅಪ್ಪ ಅಟ್ಲಾಂಟಾದ ನಮ್ಮ ಮನೆಗೆ ಬಂದಿದ್ದಾಗ, ಅವರಿಗೆ ತೋರಿಸಲೇಬೇಕೆಂದು ನಾನು ಬಯಸಿದ್ದ ಊರು ಸವಾನಾ. ಜಾರ್ಜಿಯಾ ಮತ್ತು ದಕ್ಷಿಣ ಕೆರೊಲಿನಾ ರಾಜ್ಯಗಳ ಗಡಿಯಾಗಿ ಹರಿಯುವ ಅದೇ ಹೆಸರಿನ ನದಿಯ ಎತ್ತರದ ದಂಡೆಯ ಮೇಲೆ 1733ರಲ್ಲಿ ಹುಟ್ಟಿದ ಬಂದರು ಅದು.

ಹೊಳೆಬದಿಯ ರಿವರ್ ಸ್ಟ್ರೀಟಿಗೆ ಇಳಿಯುವ ದಾರಿ ಕಡಿದು, ಕಲ್ಲುಗಳು ಉಬ್ಬುತಗ್ಗು. ಅಪ್ಪ ನನ್ನ ಭುಜ ಹಿಡಿದು ಇಳಿದರು. ಸರಕು ಕಡಿಮೆಯಿದ್ದ ಹಡಗುಗಳು ಓಲಾಡದಿರಲೆಂದು ತಳಕ್ಕೆ ತುಂಬಿಕೊಂಡು ಬಂದ ಕಲ್ಲುಗಳಿವು. ಅವನ್ನು ಇಲ್ಲಿ ಸುರಿದು, ಹತ್ತಿ ಹೇರಿಕೊಂಡು ಹೋಗುತ್ತಿದ್ದರು.

ಹಳೆಯ ಇಟ್ಟಿಗೆಯ ಗೋದಾಮುಗಳ ಎದುರು ನಿಂತು, ಎಲೈ ವಿಟ್ನಿ ಹತ್ತಿ ಜಿನ್ ರೂಪಿಸಿದ್ದು ಇದೇ ನದಿಯ ಮೇಲ್ದಂಡೆಯ ತೋಟವೊಂದರಲ್ಲಿ, 1793ರಲ್ಲಿ ಎಂದೆ. ಅಪ್ಪ ನಡೆಯುವುದನ್ನೇ ನಿಲ್ಲಿಸಿದರು. ಅವರ ಬದುಕನ್ನೆಲ್ಲ ತುಂಬಿದ್ದ ಯಂತ್ರದ ತವರು ಅದು. ಕೈಯಿಂದ ಬೀಜ ಬಿಡಿಸುವ ಕಷ್ಟ ತಪ್ಪಿದ ಮೇಲೆ ಹೊಲದ ಆಳುಗಳಿಗೆ ಬಿಡುವು ಸಿಗಬೇಕಿತ್ತು. ಆದದ್ದೇ ಬೇರೆ: ಹತ್ತಿ ಲಾಭದ ಬೆಳೆಯಾಯಿತು, ಹೊಲಗಳು ಹಬ್ಬಿದವು, ಗುಲಾಮರ ಬೆಲೆ ಏರಿತು. 1859ರಲ್ಲಿ ಈ ಊರಿನ ಕುದುರೆ ಪಂದ್ಯದ ಮೈದಾನದಲ್ಲಿ ಎರಡು ದಿನ ಹರಾಜು ನಡೆದು ನಾನೂರಕ್ಕೂ ಹೆಚ್ಚು ಜನ ಮಾರಾಟವಾದರು.

ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದಲ್ಲಿ, 1862ರ ಏಪ್ರಿಲ್‌ನಲ್ಲಿ, ನದೀಮುಖದ ಪುಲಾಸ್ಕಿ ಕೋಟೆ ಉತ್ತರದವರ ಕೈಸೇರಿ ಬಂದರಿನ ಬಾಯಿ ಮುಚ್ಚಿತು. ಹತ್ತಿಯಿಲ್ಲದೆ ಕಂಗೆಟ್ಟ ಇಂಗ್ಲೆಂಡಿನ ಗಿರಣಿಗಳು ಭಾರತದತ್ತ ತಿರುಗಿದವು.

“ನಮ್ಮ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂದದ್ದು ಆಗಲೇ” ಎಂದರು ಅಪ್ಪ. “ಇವರ ಸಂಕಟ ನಮಗೆ ಸುಗ್ಗಿಯಾಯಿತು.”

ಅಷ್ಟರಲ್ಲಿ ಕಂಟೇನರ್ ಹಡಗೊಂದು ಟಾಲ್ಮಡ್ಜ್ ಸೇತುವೆಯ ಕಡೆ ಸಾಗಿತು. ಎಷ್ಟು ಹತ್ತಿರವೆಂದರೆ ಎದುರು ದಂಡೆಯೇ ಮರೆಯಾಯಿತು. ಮಕ್ಕಳೆಲ್ಲ ಕೈಬೀಸಿದರು.

ಅಲ್ಲೇ ಮುಂದೆ ಕಂಚಿನ ಕುಟುಂಬವೊಂದು ಒಬ್ಬರನ್ನೊಬ್ಬರು ತಬ್ಬಿ ನಿಂತಿದೆ. ಕಾಲಬುಡದಲ್ಲಿ ಮುರಿದ ಸರಪಳಿ. ಹತ್ತಿ ದಲ್ಲಾಳಿಗಳ ವಿನಿಮಯ ಕೇಂದ್ರಕ್ಕೆ 1880ರ ದಶಕದಲ್ಲೇ ಅಂದದ ಕಟ್ಟಡವೆದ್ದಿತ್ತು. ಆಫ್ರಿಕನ್ ಅಮೆರಿಕನ್ನರ ಈ ಸ್ಮಾರಕ ನದಿಯ ದಂಡೆಗೆ ಬಂದದ್ದು 2002ರಲ್ಲಿ. ಇಷ್ಟು ತಡವೇಕೆ ಎಂದು ಅಪ್ಪ ಕೇಳಿದರು. ಒಪ್ಪುವಂಥ ಉತ್ತರ ನನ್ನಲ್ಲಿರಲಿಲ್ಲ.

ಫೋಟೊ ಎಂದರೆ ಮುಖ ತಿರುಗಿಸುವ ಅವರು ತಾವಾಗಿಯೇ ಮೊಬೈಲ್ ಕೊಟ್ಟು, “ಸರಪಳಿ ಸರಿಯಾಗಿ ಕಾಣಲಿ, ಜಿನ್ನಿನವರಿಗೆ ತೋರಿಸಬೇಕು” ಎಂದರು.